ಟೈಮ್‌ಟೇಬಲ್ ಮೇಷ್ಟ್ರು

ಸೋಸಲೆಯಂಥ ಊರಿನಲ್ಲಿ ಬೀದಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಸರ್ವೀಸಿನಲ್ಲಿದ್ದಷ್ಟು ಕಾಲ ತಮ್ಮ ಬನಿಯನ್ನು ಎಲ್ಲಿ ಒಣಗುತ್ತದೆಂದು ಕತ್ತೆತ್ತಿ ನೋಡಿದವರಲ್ಲ. ಪೆನ್ಷನ್ ಶುರುವಾದದ್ದೇ ತಡ, ಬಚ್ಚಲಮನೆಗೆ ಹೆಡ್‌ಮಾಸ್ಟರಾಗಿಬಿಟ್ಟರು.

ಬಚ್ಚಲ ಬಾಗಿಲ ಮೇಲೆ ಡ್ರಾಯಿಂಗ್ ಶೀಟು ಬಂತು. ಸೋಮವಾರ ಬಿಳಿ, ಮಂಗಳವಾರ ಬಣ್ಣ, ಬುಧವಾರ ದುಪ್ಪಟಿ, ಗುರುವಾರ ಮಠಕ್ಕೆ ಉಡುವ ಪಂಚೆ, ಶುಕ್ರವಾರ ಟವಲು. ಶನಿವಾರ ‘ಹಿಂದುಳಿದವರಿಗೆ ವಿಶೇಷ ತರಗತಿ’, ಅಂದರೆ ಕಾಲರಿನ ಕೊಳೆ ಬಿಡದ ಅಂಗಿಗಳು. ಭಾನುವಾರ ಸಾರ್ವತ್ರಿಕ ರಜೆ. ಇಷ್ಟನ್ನೂ ಬರೆದ ಮೇಷ್ಟ್ರು ಒಗೆಯುವವರು ಯಾರೆಂಬ ಕಾಲಂ ಮಾತ್ರ ಹಾಕಿರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯವೆಂದು ಅವರ ಭಾವನೆ.

ಸೋಮವಾರ ಕರೆಂಟು ಹೋಯಿತು, ಮಷೀನು ತಿರುಗಲಿಲ್ಲ. ಮಂಗಳವಾರ ನಲ್ಲಿ ಬರಲಿಲ್ಲ. ಬುಧವಾರ ನರಸೀಪುರದ ಸಂಗಮದಲ್ಲಿ ಮುಳುಗೆದ್ದ ನೆಂಟರು ಒದ್ದೆ ಬಟ್ಟೆಯ ಗಂಟಿನ ಸಮೇತ ಬಂದಿಳಿದರು. ಚಾರ್ಟಿನಲ್ಲಿ ಒದ್ದೆಗಂಟಿಗೆ ವಾರವೇ ಇಲ್ಲ!

ಮೇಷ್ಟ್ರ ಮಡದಿ, ಅಮ್ಮನವರು, ಮಾತಾಡುವವರಲ್ಲ. ರಾತ್ರಿ ಮಲಗುವ ಮುಂಚೆ ಆ ದಿನದ ಬಟ್ಟೆಯನ್ನು ಒಂದೇ ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿಡುತ್ತಾರೆ. ಬಣ್ಣ ಬಿಡುವುದಿದ್ದರೆ ಬೇರೆ ಮಗ್ಗಿನಲ್ಲಿ. ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಕಾಲರಿಗೊಂದಿಷ್ಟು ಬ್ರಷ್ಷು, ಎರಡು ಸಲ ಜಾಲಿಸುವುದು, ಬಿಳಿಗೆ ಮಾತ್ರ ಕೊನೇ ನೀರಿನಲ್ಲಿ ಎರಡು ತೊಟ್ಟು ನೀಲಿ. ಬಣ್ಣದ್ದನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಿನ ತಂತಿಗೆ. ದುಪ್ಪಟಿಗೆ ವಾರವಿಲ್ಲ, ನೀರೂ ಬಿಸಿಲೂ ಒಟ್ಟಿಗೆ ಸಿಕ್ಕ ದಿನ ಒಂದನ್ನಷ್ಟೇ ಒಗೆಯುವುದು. ಮೇಷ್ಟ್ರು ಎದ್ದು ಚಾರ್ಟು ನೋಡುವ ಹೊತ್ತಿಗೆ ತಂತಿ ತುಂಬಿರುತ್ತದೆ.

ಆದರೂ ಪಾಠ ನಿಲ್ಲದು. “ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಇರ್ತವೆ ಕಣೇ, ಅದು ಸೋಪಿನ ಜೊತೆ ಸೇರಿ ಗಸಿ ಕಟ್ಟುತ್ತೆ. ಅದಕ್ಕೇ ನೊರೆ ಬರೋಲ್ಲ.” ವಿಜ್ಞಾನ ಸರಿಯಾಗಿದೆ. ಆಕೆ ಸೊಂಟ ಬಗ್ಗಿಸಿ ಉಜ್ಜುತ್ತಿರುವಾಗಲೇ ಅದು ಹೊಳೆಯುತ್ತದೆ, ಅಷ್ಟೆ.

ಒಮ್ಮೆ ಸ್ಥಳಪುರಾಣಕ್ಕೂ ಕೈ ಹಾಕಿದರು. ನರಸೀಪುರದ ಗುಂಜಾ ನರಸಿಂಹ ಮಡಿವಾಳನೊಬ್ಬನ ಕನಸಿಗೆ ಬಂದು, ನೀನು ಬಟ್ಟೆ ಒಗೆಯುವ ಕಲ್ಲಿನಡಿ ಹೊನ್ನಿದೆ, ಗುಡಿ ಕಟ್ಟು ಎಂದನಂತೆ. ಕಾಶಿಗೆ ಹೋಗಬೇಕೆಂದವನಿಗೆ ಈ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕ ಹೆಚ್ಚೆಂದನಂತೆ. “ನೋಡು, ಒಗೆಯೋ ಕಲ್ಲಿನ ಮಹಿಮೆ!”

“ಆ ಪುಣ್ಯಾತ್ಮ ದಿನಾ ಕಲ್ಲಿನ ಹತ್ರ ನಿಂತಿದ್ದ ಕಣ್ರೀ. ಚಾರ್ಟು ಬರೀತಾ ಕೂತಿದ್ರೆ ದೇವರು ಯಾರ ಕನಸಿಗೆ ಬರ್ತಿದ್ದ?”

ಮೇಷ್ಟ್ರಿಗೆ ರೋಷ ಬಂತು. ಮುಂದಿನ ಸೋಮವಾರ ಕರೆಂಟೂ ಇತ್ತು, ನೀರೂ ಇತ್ತು; ತಾವೇ ಬಿಳಿಬಟ್ಟೆ ಮಷೀನಿಗೆ ತುಂಬಿ ಗುಂಡಿ ಒತ್ತಿದರು. ಜುಬ್ಬದ ಜೇಬಿನಲ್ಲಿ, ಉತ್ತರಪತ್ರಿಕೆ ತಿದ್ದುತ್ತಿದ್ದ ಕಾಲದ ಅಭ್ಯಾಸಬಲದಿಂದ, ಕೆಂಪು ಶಾಯಿಯ ಪೆನ್ನಿತ್ತು. ಮಷೀನಿನ ಮುಚ್ಚಳ ತೆಗೆದಾಗ ಪಂಚೆ, ಬನಿಯನ್ನು, ದಿಂಬಿನ ಚೀಲ ಎಲ್ಲ ದಾಸವಾಳದ ಬಣ್ಣ.

ಅಮ್ಮನವರು ಒಂದೊಂದನ್ನೇ ಕೊಡವಿ ತಂತಿಗೆ ಹಾಕುತ್ತ ಕೇಳಿದರು: “ರೀ, ಇವನ್ನೆಲ್ಲ ಇನ್ಮೇಲೆ ಸೋಮವಾರಕ್ಕೆ ಇಟ್ಕೊಳ್ಲೋ, ಮಂಗಳವಾರಕ್ಕೋ?”

ಸಂಜೆ ಚಾರ್ಟಿಗೆ ಹೊಸ ಕಾಲಂ ಸೇರಿತು: ‘ಜೇಬು ತಪಾಸಣೆ’. ಅದರೆದುರು ದುಂಡಗಿನ ಅಕ್ಷರದಲ್ಲಿ ಅಮ್ಮನವರ ಹೆಸರು.