ಎಲ್ಲಿ ಇಳ್ಕೊಳ್ತೀರಿ?

ಬೆಂಗಳೂರಿಗೆ ಹೊರಟ ವಿಷಯ ನಮ್ಮ ಸಾಗರದಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಎದುರಿಗೆ ಸಿಕ್ಕವರು ಏನು ಕೆಲಸ ಎಂದು ನೇರವಾಗಿ ಕೇಳುವುದಿಲ್ಲ, ಅದು ಮರ್ಯಾದೆಯಲ್ಲ. ‘ಎಲ್ಲಿ ಇಳ್ಕೊಳ್ತೀರಿ?’ ಎಂದು ಕೇಳುತ್ತಾರೆ. ಏರಿಯಾ ಹೇಳಿದರೆ ಸಾಕು, ಕೆಲಸ ಏನೆಂದು ಅವರೇ ತಿಳಿದುಕೊಳ್ಳುತ್ತಾರೆ. ಗಾಂಧಿನಗರದ ಲಾಡ್ಜು ಎಂದರೆ ಕೋರ್ಟು, ಕಚೇರಿ. ವೈಟ್‌ಫೀಲ್ಡ್ ಎಂದರೆ ಮಗನಿಗೋ ಅಳಿಯನಿಗೋ ನೌಕರಿ ಸಿಕ್ಕಿದೆ. ವಿಲ್ಸನ್ ಗಾರ್ಡನ್ ಎಂದರೆ ಮುಖ ಚಿಕ್ಕದು ಮಾಡಿಕೊಂಡು ‘ಯಾರಿಗೆ ಹುಷಾರಿಲ್ಲ?’ ಎನ್ನುತ್ತಾರೆ. ಕಿದ್ವಾಯಿ, ನಿಮ್ಹಾನ್ಸ್ ಎರಡೂ ಆ ಕಡೆಗೇ ಇವೆಯಲ್ಲ. ಶಾಸಕರ ಭವನ ಎಂದರೆ ಮಾತ್ರ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: ‘ಟ್ರಾನ್ಸ್‌ಫರ್ ವಿಷಯವಾ?’

ನಮ್ಮ ಅಪ್ಪನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬೆಂಗಳೂರಿಗೆ ಹೋಗುವುದು ಎಂದರೆ ಮೆಜೆಸ್ಟಿಕ್ಕಿಗೆ ಹೋಗುವುದು. ಕೆರೆಯಲ್ಲಿ ಬಸ್ ನಿಲ್ದಾಣ ಕಟ್ಟಿ, ಸಿನಿಮಾ ಥಿಯೇಟರಿನ ಹೆಸರನ್ನು ಇಡೀ ಪ್ರದೇಶಕ್ಕೆ ಅಂಟಿಸಿ, ಆಮೇಲೆ ಥಿಯೇಟರೂ ಕಾಣೆಯಾದ ಮೇಲೆ ಹೆಸರನ್ನು ಮಾತ್ರ ಬಿಡದೆ ಹಿಡಿದುಕೊಂಡ ಜಾಗ ಅದು. ಆ ಧರ್ಮಾಂಬುಧಿ ಕೆರೆಯ ಹತ್ತಿರವೇ, ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲಿ, ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲೇ ಶುರುವಾಗಿತ್ತು. ಪರಊರಿನಿಂದ ಬಂದವನು ಇಳಿದ ಕಡೆಯೇ ಉಳಿಯಬೇಕು, ಊರಿಡೀ ಅಲೆಯಬಾರದು ಎಂಬ ತಿಳಿವಳಿಕೆ ಆ ಪುಣ್ಯಾತ್ಮರಿಗೆ ಇತ್ತು.

ಅಪ್ಪ ಉಳಿಯುತ್ತಿದ್ದುದು ಉಪ್ಪಾರಪೇಟೆಯ ಒಂದು ಲಾಡ್ಜಿನಲ್ಲಿ. ಅವರ ಜತೆ ಹುಡುಗನಾಗಿ ಹೋದಾಗ ನೋಡಿದ ಆ ಕೌಂಟರು ಇನ್ನೂ ಕಣ್ಣಿಗೆ ಕಟ್ಟಿದೆ. ಉದ್ದನೆಯ ರಿಜಿಸ್ಟರು, ದಾರ ಕಟ್ಟಿದ ಪೆನ್ನು, ಕಿಸೆಗೆ ಹೋಗದಷ್ಟು ದೊಡ್ಡ ಮರದ ತುಂಡಿಗೆ ಸಿಕ್ಕಿಸಿದ ಬೀಗದ ಕೈ. ‘ಬಂದ ಉದ್ದೇಶ’ ಎಂಬ ಕಾಲಮ್ಮಿನಲ್ಲಿ ಮೊದಲನೆಯವನು ‘ಸ್ವಂತ ಕೆಲಸ’ ಎಂದು ಬರೆದಿದ್ದ. ಕೆಳಗಿನವರೆಲ್ಲ ಅದಕ್ಕೆ ಎರಡೆರಡು ಚುಕ್ಕಿ ಹಾಕಿಕೊಂಡು ಹೋಗಿದ್ದರು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು. ಬಾಡಿಗೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ. ಈ ಕೊನೆಯ ನಿಯಮದಲ್ಲಿ ಅಪ್ಪನ ಇಡೀ ಅರ್ಥಶಾಸ್ತ್ರ ಅಡಗಿತ್ತು. ನಮ್ಮ ಬಸ್ಸು ಐದಕ್ಕೇ ಬರುತ್ತಿತ್ತು, ಆದರೆ ಐದಕ್ಕೇ ರೂಮು ಹಿಡಿದರೆ ಮರುದಿನ ಐದಕ್ಕೇ ಬಿಡಬೇಕು, ಬಿಸಿನೀರಿನ ಸ್ನಾನ ತಪ್ಪುತ್ತದೆ. ಹಾಗಾಗಿ ಖಾಲಿ ರೂಮು ಎದುರಿಗೇ ಇದ್ದರೂ ನಾವು ಏಳರವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಲಗೇಜಿನ ಮೇಲೆ ಕೂತು ತೂಕಡಿಸುತ್ತಿದ್ದೆವು.

ಈಗ ಕಾಲ ಬದಲಾಗಿದೆ. ಈಗ ನಾನು ಬೆಂಗಳೂರಿಗೆ ಹೊರಟರೆ ಅಣ್ಣನ ಮಗ ಫೋನು ತೆಗೆದು ಹೋಟೆಲು ಹುಡುಕುತ್ತಾನೆ. ‘ಚಿಕ್ಕಪ್ಪ, ಇದು ಸಿಟಿ ಸೆಂಟರಿಂದ ಬರೀ ನಾಲ್ಕು ಕಿಲೋಮೀಟರ್’ ಎನ್ನುತ್ತಾನೆ. ಬೆಂಗಳೂರಿಗೆ ಸೆಂಟರ್ ಎಲ್ಲಿದೆ ಮಾರಾಯ? ಕೆಂಪೇಗೌಡರ ಕಾಲದಲ್ಲಿ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕ ಇತ್ತು, ಒಪ್ಪಿದೆ. ಊರು ಇಲ್ಲಿಗೆ ಮುಗಿಯಿತು ಎಂದು ಹೇಳುವುದಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರಗಳೂ ಇವೆ. ಅದರಲ್ಲಿ ಒಂದು ಈಗ ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು, ದಕ್ಷಿಣಕ್ಕೆ ಕಣ್ಣು ಹರಿಯುವಷ್ಟು ದೂರ ಹಬ್ಬಿದ ಊರನ್ನು ನೋಡುತ್ತಿದೆ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋದ ಮೇಲಂತೂ, ಬೆಂಗಳೂರಿನಲ್ಲಿ ಇಳಿದವರು ಬೆಂಗಳೂರಿಗೆ ಬರುವುದಕ್ಕೆ ಇನ್ನೊಂದು ಪ್ರಯಾಣ ಮಾಡಬೇಕು.

ಫೋನಿಗೆ ಗೊತ್ತಿಲ್ಲದ ಸತ್ಯವೊಂದು ನಮ್ಮ ಕಂಡಕ್ಟರಿಗೆ ಗೊತ್ತಿದೆ. ಬಸ್ಸು ಯಾವ ದಿಕ್ಕಿನಿಂದ ಬೆಂಗಳೂರನ್ನು ಹೊಗುತ್ತದೋ ಆ ದಿಕ್ಕಿನಲ್ಲೇ ಆ ಊರಿನವರ ನೆಂಟರು ಇರುತ್ತಾರೆ. ತುಮಕೂರು ರಸ್ತೆಯಲ್ಲಿ ಬರುವ ನಮಗೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ. ಮೈಸೂರು, ಮಂಡ್ಯದವರಿಗೆ ಕೆಂಗೇರಿ, ಸ್ಯಾಟಲೈಟ್, ವಿಜಯನಗರ. ಕೋಲಾರದವರಿಗೆ ಕೆ.ಆರ್. ಪುರ. ಊರು ಬಿಟ್ಟು ಬಂದವರು ಬೇಕೆಂದಾಗ ವಾಪಸು ಹೋಗುವ ಹಾಗೆ ಬಾಗಿಲ ಬಳಿಯೇ ಮನೆ ಮಾಡಿಕೊಂಡಿದ್ದಾರೆ. ಬೆಳಗಿನ ಜಾವ ಕಂಡಕ್ಟರು ಸ್ಟಾಪುಗಳ ಹೆಸರು ಕೂಗುತ್ತ ಬರುವಾಗ ಕಂಬಳಿ ಸರಿಸಿ ಏಳುವವರೆಲ್ಲ ಪರಿಚಯದವರೇ. ಮೆಜೆಸ್ಟಿಕ್ ಮುಟ್ಟುವ ಹೊತ್ತಿಗೆ ಮುಕ್ಕಾಲು ಬಸ್ಸು ಖಾಲಿ.

ಹಾಗಾದರೆ ನೆಂಟರ ಮನೆಗೆ ಹೋದರೆ ಮುಗಿಯಿತಲ್ಲ ಎನ್ನಬಹುದು. ಹಾಗೆನ್ನುವವರಿಗೆ ನೆಂಟರು ಒಂದೇ ಮನೆಯಲ್ಲಿದ್ದಾರೆ ಎಂದು ಅರ್ಥ. ನಮಗೆ ರಾಜಾಜಿನಗರದಲ್ಲಿ ಭಾವನ ಮನೆ, ಜಯನಗರದಲ್ಲಿ ದೊಡ್ಡಮ್ಮನ ಮಗಳು, ವೈಟ್‌ಫೀಲ್ಡಿನಲ್ಲಿ ಹೆಂಡತಿಯ ತಂಗಿ. ಒಬ್ಬರ ಮನೆಯಲ್ಲಿ ಉಳಿದರೆ ಇನ್ನಿಬ್ಬರಿಂದ ಮರುವಾರ ಫೋನು ಬರುತ್ತದೆ: ‘ಬಂದು ಹೋದ್ರಂತೆ? ನಮಗೆಲ್ಲ ಯಾಕೆ ಹೇಳ್ತೀರಿ ಬಿಡಿ.’ ಇಂಥ ಫೋನಿಗೆ ಉತ್ತರವಿಲ್ಲ, ಪರಿಹಾರ ಮಾತ್ರ ಇದೆ. ಅದು ಅಪ್ಪೆಮಿಡಿ ಉಪ್ಪಿನಕಾಯಿ. ಉಳಿಯುವ ಮನೆಗೆ ದೊಡ್ಡ ಬಾಟ್ಲಿ, ಊಟಕ್ಕೆ ಹೋಗುವ ಮನೆಗೆ ಮಧ್ಯಮ, ಬರೀ ಕಾಫಿ ಕುಡಿದು ಬರುವ ಮನೆಗೆ ಸಣ್ಣದು ಮತ್ತು ಒಂದು ಕಟ್ಟು ಹಲಸಿನ ಹಪ್ಪಳ. ಈ ಬಾಟ್ಲಿಗಳನ್ನು ಬಟ್ಟೆಯಲ್ಲಿ ಸುತ್ತುವಾಗಲೇ ನಮ್ಮ ಬೆಂಗಳೂರಿನ ವಸತಿ ನಿರ್ಧಾರವಾಗುತ್ತದೆ, ಮತ್ತು ಸುತ್ತುವವಳು ನನ್ನ ಹೆಂಡತಿ. ವೈಟ್‌ಫೀಲ್ಡಿಗೆ ದೊಡ್ಡ ಬಾಟ್ಲಿ ಹೋದದ್ದು ಯಾಕೆ ಎಂದು ನಾನು ಕೇಳುವುದಿಲ್ಲ.

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ನಾದಿನಿಯ ಮನೆ ಹನ್ನೊಂದನೇ ಮಹಡಿ. ಗೇಟಿನಲ್ಲಿ ಸೆಕ್ಯುರಿಟಿಯವನು ಹೆಸರು ಕೇಳಿ, ಫೋನ್ ನಂಬರು ಬರೆದುಕೊಂಡು, ಚೀಲದ ಸಮೇತ ಫೋಟೋ ತೆಗೆದು ಮೇಲೆ ಕಳಿಸುತ್ತಾನೆ. ಒಪ್ಪಿಗೆ ಬರುವವರೆಗೆ ಮಗಳ ಮನೆಗೆ ಬಂದ ಮಾವನವರೂ ಪಾರ್ಸೆಲ್ ತಂದ ಹುಡುಗನೂ ಒಂದೇ ಬೆಂಚಿನಲ್ಲಿ ಕೂತಿರಬೇಕು. ಹುಡುಗನಿಗೆ ಒಪ್ಪಿಗೆ ಬೇಗ ಬರುತ್ತದೆ.

ಯಾರ ಮನೆಯಲ್ಲಿ ಉಳಿದರೂ ಮರುದಿನ ಕೆಲಸದ ಜಾಗಕ್ಕೆ ಎಷ್ಟು ಹೊತ್ತು ಎಂದು ಕೇಳಿದರೆ ಬರುವ ಉತ್ತರ ಒಂದೇ. ‘ಹತ್ತೇ ನಿಮಿಷ.’ ಆಮೇಲೆ ಸ್ವಲ್ಪ ತಡೆದು, ‘ಟ್ರಾಫಿಕ್ ಇಲ್ದಿದ್ರೆ.’ ಬೆಂಗಳೂರಿನವರು ಸುಳ್ಳು ಹೇಳುವವರಲ್ಲ. ರಾತ್ರಿ ಎರಡು ಗಂಟೆಗೆ ರಾಜಾಜಿನಗರದಿಂದ ವಿಧಾನಸೌಧಕ್ಕೆ ಹತ್ತೇ ನಿಮಿಷ ಇರಬಹುದು. ಆ ಹೊತ್ತಿನಲ್ಲಿ ವಿಧಾನಸೌಧದಲ್ಲಿ ನಮಗೇನು ಕೆಲಸ ಎಂಬುದೊಂದೇ ತೊಡಕು.

ಮೆಟ್ರೋ ಬಂದ ಮೇಲೆ ಈ ಲೆಕ್ಕ ಸ್ವಲ್ಪ ತಿಳಿಯಾಗಿದೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ರೈಲು ಓಡಿದಾಗ ನಾವೆಲ್ಲ ಅದನ್ನು ಹತ್ತಿ ಇಳಿದು ಬರುವುದಕ್ಕೆಂದೇ ಹೋಗಿದ್ದೆವು. ನಮ್ಮ ನೆಂಟರು ಯಾರೂ ಆ ದಾರಿಯಲ್ಲಿ ಇರಲಿಲ್ಲ. ಈಗ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ. ಹೀಗಾಗಿ ನಮ್ಮ ಬಂಧುಬಳಗ ಗೋತ್ರದ ಜತೆಗೆ ಬಣ್ಣದಿಂದಲೂ ಗುರುತಾಗತೊಡಗಿದೆ. ಭಾವ, ದೊಡ್ಡಮ್ಮನ ಮಗಳು ಹಸಿರು, ನಾದಿನಿ ನೇರಳೆ. 2025ರಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ದೂರದ ನೆಂಟರೂ ಹತ್ತಿರದವರಾದರು. ಅವರಿಗೂ ಒಂದು ಬಾಟ್ಲಿ ಕಟ್ಟಬೇಕಾಯಿತು.

ನನ್ನನ್ನು ಕೇಳಿದರೆ, ಏರಿಯಾ ಆರಿಸುವವರು ಕೆಲಸದ ಜಾಗ ಎಷ್ಟು ಹತ್ತಿರ ಎಂದು ನೋಡಲೇಬಾರದು. ಹತ್ತು ಗಂಟೆಯ ಮೇಲೆ ಬೆಂಗಳೂರು ಎಲ್ಲರಿಗೂ ಒಂದೇ. ಮಲ್ಲೇಶ್ವರದಿಂದ ಹೊರಟವನೂ ಮಾರತಹಳ್ಳಿಯಿಂದ ಹೊರಟವನೂ ಯಾವುದೋ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತಿರುತ್ತಾರೆ. ಹೊರಗಿನಿಂದ ಬಂದವನ ಪಾಲಿಗೆ ಸಿಗುವ ಬೆಂಗಳೂರು ಎಂದರೆ ಬೆಳಿಗ್ಗೆ ಆರರಿಂದ ಎಂಟೂವರೆ. ಆ ಎರಡೂವರೆ ಗಂಟೆ ಎಲ್ಲಿ ಚೆನ್ನಾಗಿ ಕಳೆಯುತ್ತದೋ ಅಲ್ಲಿ ಇಳಿದುಕೊಳ್ಳಬೇಕು.

ಈ ಪರೀಕ್ಷೆಯಲ್ಲಿ ಪಾಸಾಗುವ ಏರಿಯಾಗಳು ಕೆಲವೇ. ಅವುಗಳಲ್ಲಿ ಎರಡು ಪ್ಲೇಗಿನ ಪ್ರಸಾದ. 1898ರಲ್ಲಿ ಪ್ಲೇಗು ಪೇಟೆಯ ಇಕ್ಕಟ್ಟಿಗೆ ನುಗ್ಗಿತು. ಗಾಳಿ ಬೆಳಕು ಇರುವ ಕಡೆ ಜನ ವಾಸ ಮಾಡಲಿ ಎಂದು ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬೆಳೆದವು. ಅಂದಿನಿಂದ ಬೆಂಗಳೂರಿನಲ್ಲಿ ಎರಡು ಪಂಗಡ. ಮಲ್ಲೇಶ್ವರದವರಿಗೆ ಸಂಪಿಗೆ ರಸ್ತೆ, ಕಾಡು ಮಲ್ಲೇಶ್ವರ, ಮಾರ್ಗೋಸಾ ರಸ್ತೆಯ ಸಿಟಿಆರ್ ಬೆಣ್ಣೆ ದೋಸೆ. ಬಸವನಗುಡಿಯವರಿಗೆ ದೊಡ್ಡ ಬಸವಣ್ಣ, ಕಡಲೆಕಾಯಿ ಪರಿಷೆ, 1943ರಿಂದ ಗಾಂಧಿ ಬಜಾರಿನಲ್ಲಿ ಕೂತಿರುವ ವಿದ್ಯಾರ್ಥಿ ಭವನ. ಎರಡೂ ಕಡೆ ತಿಂದು ಬಂದವನು ಯಾವುದು ಮೇಲು ಎಂದು ಹೇಳದೆ ಇರುವುದು ಕ್ಷೇಮ. ಶುಕ್ರವಾರ ಮಾತ್ರ ಮಲ್ಲೇಶ್ವರದವರು ನಿರಾಯಾಸವಾಗಿ ಗೆಲ್ಲುತ್ತಾರೆ, ಅಂದು ವಿದ್ಯಾರ್ಥಿ ಭವನಕ್ಕೆ ರಜೆ.

ನನ್ನ ಓಟು ಬಸವನಗುಡಿಗೆ. ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಹೂವಿನವರು ನೀರು ಚಿಮುಕಿಸುವ ಹೊತ್ತಿಗೆ ನಡೆಯಬೇಕು. ಮೊಳ ಅಳೆಯುವಾಗ ಆ ಹೆಂಗಸಿನ ಮೊಣಕೈ ಎಲ್ಲಿ ಮಡಚುತ್ತದೆ ಎಂದು ಗಿರಾಕಿಗಳು ಕಣ್ಣಿಟ್ಟು ನೋಡುತ್ತಿರುತ್ತಾರೆ. ಆಕೆ ಕೊನೆಗೆ ಒಂದು ಗೇಣು ಸೇರಿಸಿ ‘ತಗೊಳ್ಳಮ್ಮ, ಸಮಾಧಾನವಾಯ್ತಾ?’ ಎನ್ನುತ್ತಾಳೆ. ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿನಲ್ಲಿ ನಿವೃತ್ತರು ದೇಶ ನಡೆಸುತ್ತಿರುತ್ತಾರೆ. ಹತ್ತಿರ ಕೂತವನು ಯಾವ ಊರಿನವನು ಎಂದು ಕೇಳಿ, ಸಾಗರ ಎಂದ ಕೂಡಲೇ ಜೋಗದಲ್ಲಿ ನೀರಿದೆಯಾ ಎಂದು ವಿಚಾರಿಸುತ್ತಾರೆ. ಅಷ್ಟು ಹೊತ್ತಿಗೆ ಕಾಫಿ ಕುಡಿಯುವ ನೆಪ ಬರುತ್ತದೆ. ಎಂಟೂವರೆಗೆ ಬೆಂಗಳೂರು ಮುಗಿಯಿತು. ಅಲ್ಲಿಂದ ಸಂಜೆಯವರೆಗಿನದು ಬರೀ ಕೆಲಸ.

ಆಯ್ಕೆಯ ತಲೆನೋವು ನಮಗೆ ಮಾತ್ರ ಎಂದುಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ನಾದಿನಿಯ ಗಂಡ ಫೋನು ಮಾಡಿದ. ಜೋಗ ನೋಡಲು ಅವನ ಆಫೀಸಿನವರು ಬರುತ್ತಿದ್ದಾರಂತೆ.

‘ಭಾವ, ಸಾಗರದಲ್ಲಿ ಯಾವ ಏರಿಯಾದಲ್ಲಿ ಉಳ್ಕೊಂಡ್ರೆ ಒಳ್ಳೇದು?’

‘ಏರಿಯಾ ಎಂಥದ್ದು ಮಾರಾಯ? ನಮ್ಮನೆಗೇ ಬರ್ಲಿ.’

‘ಬಸ್‌ಸ್ಟ್ಯಾಂಡಿಗೆ ನಿಮ್ಮನೆಯಿಂದ ಎಷ್ಟು ಹೊತ್ತು?’

‘ಹತ್ತೇ ನಿಮಿಷ.’

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ಅವನು ಅಲ್ಲಿದ್ದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: ‘ಒಂದೂವರೆ ಗಂಟೆ ಇಟ್ಕೊಳ್ಳಿ.’