ಸಂಧಿಪ್ರಕರಣ: ಸೋರುವ ಕೊಳವೆಗಳಿಗೊಂದು ವ್ಯಾಕರಣ

ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ರಚಿಸಿದಾಗ ಅವನ ಬಳಿ ಕಾರು ಇರಲಿಲ್ಲ. ಹಾಗಾಗಿ ಅವನ ಸಂಧಿಪ್ರಕರಣದಲ್ಲಿ ಅಕ್ಷರ ಅಕ್ಷರ ಕೂಡುವ ಬಗೆಯಿದೆಯೇ ಹೊರತು ಬ್ರೇಕ್ ಪೈಪು, ಆಯಿಲ್ ಸ್ವಿಚ್ಚುಗಳು ಕೂಡುವ ಬಗೆಯಿಲ್ಲ. ಏಳು ಶತಮಾನ ದಾಟಿದ ಈ ಕೊರತೆಯನ್ನು ತುಂಬಲು ಪ್ರಸ್ತುತ ಲೇಖಕನು ಪೋರ್ಟಿಕೋದಲ್ಲಿ ಅಂಗಾತ ಮಲಗಿ ಕೈಗೊಂಡ ಸಂಶೋಧನೆಯ ಫಲವೇ ಈ ಪ್ರಬಂಧ. ಆಕರಗಳು ಎರಡು. ಒಂದು, ನೆಲದ ಮೇಲಿನ ಕಲೆಗಳು. ಇವನ್ನು ನಾನು ಶಿಲಾಶಾಸನಗಳೆಂದು ಪರಿಗಣಿಸಿದ್ದೇನೆ, ಮನೆಯಾಕೆ ಪರಿಗಣಿಸಿಲ್ಲ. ಇನ್ನೊಂದು, ಗ್ಯಾರೇಜಿನ ಗೋಡೆಯ ಮೇಲೆ ಗ್ರೀಸಿನಲ್ಲಿ ಮೂಡಿದ ಅಂಗೈ ಗುರುತು. ಈ ಶಾಸ್ತ್ರದಲ್ಲಿ ಸದ್ಯ ಲಭ್ಯವಿರುವ ಏಕೈಕ ಹಸ್ತಪ್ರತಿ ಅದೇ.

ಮೊದಲು ಪೂರ್ವಪಕ್ಷ. ‘ಸೋರಿದರೆ ಟೇಪ್ ಸುತ್ತು’ ಎಂಬುದು ನಮ್ಮ ಬೀದಿಯ ಸಕಲ ಪಂಡಿತರ ಮತ. ಇದು ನಲ್ಲಿ ಸಂಪ್ರದಾಯದಿಂದ ಬಂದದ್ದು. ಬಚ್ಚಲುಮನೆಯಲ್ಲಿ ಸಿದ್ಧಿಸಿದ್ದು ಬಾನೆಟ್ಟಿನ ಕೆಳಗೂ ಸಿದ್ಧಿಸುತ್ತದೆ ಎಂಬ ನಂಬಿಕೆಯೇ ಈ ಮತದ ಜೀವಾಳ. ಸಿದ್ಧಾಂತ ಹೀಗಿದೆ: ಕಾರಿನ ಬಹುಪಾಲು ಕೀಲುಗಳಲ್ಲಿ ದ್ರವವನ್ನು ತಡೆಯುವುದು ಥ್ರೆಡ್ಡಲ್ಲ. ಥ್ರೆಡ್ಡು ಬರೀ ಪುರೋಹಿತ. ಕೂಡಿಸಿ, ಬಿಗಿದು, ದಕ್ಷಿಣೆ ಪಡೆಯುತ್ತದೆ. ಸಂಸಾರ ಮಾಡುವವರು ಬೇರೆ. ಅವರು ಯಾರೆಂದು ತಿಳಿಯದೆ ಪುರೋಹಿತನಿಗೇ ಟೇಪ್ ಸುತ್ತುವುದು ಶಾಸ್ತ್ರವಿರುದ್ಧ.

ಇನ್ನು ಸಂಧಿಗಳ ವಿಚಾರ.

ಪ್ರಕೃತಿಭಾವವನ್ನು ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ‘ಅಯ್ಯೋ’ ಎಂಬುದರ ಮುಂದೆ ‘ಇದೇನು’ ಬಂದರೆ ಏನೂ ಸೇರದು, ಏನೂ ಬಿಡದು. ಎರಡೂ ಇದ್ದ ಹಾಗೇ ನಿಲ್ಲುತ್ತವೆ. ಬ್ರೇಕ್ ಪೈಪಿನ ಫ್ಲೇರ್ ಕೀಲು ಈ ಜಾತಿಯದು. ಉಕ್ಕಿನ ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ, ಒಳಕ್ಕೆ ಮಡಿಸಿ, ಹಲವು ಕಾರುಗಳಲ್ಲಿ 45 ಡಿಗ್ರಿ ಕೋನದಲ್ಲಿ ಎದುರಿನ ಲೋಹಕ್ಕೆ ಒತ್ತಿರುತ್ತಾರೆ. ಲೋಹಕ್ಕೆ ಲೋಹ, ನಡುವೆ ಮೂರನೆಯವರಿಲ್ಲ. ಹೈಡ್ರಾಲಿಕ್ ಯಂತ್ರಗಳಲ್ಲೂ ರೇಸ್ ಕಾರುಗಳಲ್ಲೂ ಇದೇ ಬಗೆಯ ಇನ್ನೊಂದು ಗೋತ್ರವಿದೆ, ಅದರ ಕೋನ 37 ಡಿಗ್ರಿ. ಈ ಎರಡು ಗೋತ್ರಗಳ ನಡುವೆ ಸಂಬಂಧ ಬೆಳೆಸಬಾರದು. ಫ್ಲೇರ್ ಸೋರಿದರೆ ಬಾಯಿಯನ್ನು ಹೊಸದಾಗಿ ಮಾಡಿಸಬೇಕು, ಇಲ್ಲವೇ ಪೈಪನ್ನೇ ಬದಲಿಸಬೇಕು. ಟೇಪ್ ಸುತ್ತಿದರೆ ಅದರ ಚೂರು ದ್ರವದೊಂದಿಗೆ ಹೊರಟು ಎಬಿಎಸ್ ಘಟಕದ ಸೂಜಿಮೊನೆಯಂಥ ದಾರಿಗಳಲ್ಲಿ ಕೂತುಬಿಟ್ಟೀತು. ಆಮೇಲೆ ಇಳಿಜಾರಿನ ಸಿಗ್ನಲ್ಲಿನಲ್ಲಿ ಪೆಡಲು ತುಳಿದವನು ತಾನಾಗಿಯೇ ಪ್ರಕೃತಿಭಾವದ ಉದಾಹರಣೆ ಹೇಳುತ್ತಾನೆ.

ಆದೇಶಸಂಧಿಯಲ್ಲಿ ಹಳೆಯ ಅಕ್ಷರ ಹೋಗಿ ಅದರ ಜಾಗಕ್ಕೆ ಹೊಸದು ಬರುತ್ತದೆ: ಮಳೆ, ಕಾಲ, ಮಳೆಗಾಲ. ಬ್ರೇಕ್ ಹೋಸನ್ನು ಕೂಡಿಸುವ ಟೊಳ್ಳು ಬೋಲ್ಟಿನ, ಅಂದರೆ ಬ್ಯಾಂಜೋ ಬೋಲ್ಟಿನ, ಎರಡು ಪಕ್ಕದ ತಾಮ್ರದ ವಾಷರುಗಳಿಗೆ ಇದೇ ನಿಯಮ. ಒಮ್ಮೆ ಹಿಂಡಿಸಿಕೊಂಡ ತಾಮ್ರ ಗಡುಸಾಗುತ್ತದೆ. ಎರಡನೆಯ ಸಲ ಬಗ್ಗುವುದಿಲ್ಲ, ನಿವೃತ್ತಿಯ ಅಂಚಿನ ಮೇಷ್ಟರ ಹಾಗೆ. ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು. ಹಳೆಯದನ್ನೇ ಕೆಂಪಗೆ ಕಾಯಿಸಿ ಮೆದುಗೊಳಿಸುವ ಹಿರಿಯರೂ ಇದ್ದಾರೆ, ಮತ್ತು ತಾಮ್ರ ಅವರ ಮಾತು ಕೇಳುತ್ತದೆ. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾಫಿಯ ದುಡ್ಡಿಗೆ ಸಿಗುವ ವಸ್ತುವಿಗೆ ಕುಲುಮೆ ಹೂಡುವುದು ನನ್ನ ಮಟ್ಟಿಗೆ ಪಾಂಡಿತ್ಯಪ್ರದರ್ಶನ.

ಲೋಪಸಂಧಿ ಎಂದರೆ ಅದೇ ವಾಷರು ಬಿಚ್ಚುವಾಗ ಬಿದ್ದು ಉರುಳಿ ಹೋಗಿ, ಯಾರೂ ಹುಡುಕದೆ ಜೋಡಿಸಿದ್ದು. ಇದು ವ್ಯಾಕರಣದಲ್ಲಿ ನಿಯಮ, ಗ್ಯಾರೇಜಿನಲ್ಲಿ ಅಭ್ಯಾಸ.

ಆಗಮಸಂಧಿಯಲ್ಲಿಯೇ ನಮ್ಮ ಪ್ರಬಂಧದ ನಿಜವಾದ ನಾಯಕನ ಪ್ರವೇಶ. ಮನೆ, ಅನ್ನು, ನಡುವೆ ಯಕಾರ ಬಾರದೆ ಗತಿಯಿಲ್ಲ. ಹಾಗೆಯೇ ತುದಿಗೆ ಹೋಗುತ್ತ ಸಣ್ಣಗಾಗುವ ಥ್ರೆಡ್ಡುಗಳಿವೆ. ಪ್ರತಿ 16 ಅಳತೆಗೆ ವ್ಯಾಸದಲ್ಲಿ 1 ಅಳತೆ ಕುಗ್ಗುತ್ತವೆ, ತಿರುಗಿಸಿದಷ್ಟೂ ಬೆಣೆಯಂತೆ ಬಿಗಿಯುತ್ತವೆ. ಅನೇಕ ಜಪಾನಿ ಎಂಜಿನ್ನುಗಳ ಆಯಿಲ್ ಪ್ರೆಷರ್ ಸ್ವಿಚ್ಚು ಇಂಥದ್ದು. ಎಷ್ಟು ಬಿಗಿದರೂ ಒಂದು ಥ್ರೆಡ್ಡಿನ ಶಿಖರಕ್ಕೂ ಇನ್ನೊಂದರ ಕಣಿವೆಗೂ ನಡುವೆ ಸುರುಳಿ ಸುರುಳಿಯಾದ ಒಂದು ಕಳ್ಳದಾರಿ ಉಳಿಯುತ್ತದೆ. ಎಣ್ಣೆ ಆ ದಾರಿಯನ್ನು ಹೇಗೋ ಪತ್ತೆ ಹಚ್ಚುತ್ತದೆ. ಅಲ್ಲಿಗೆ ಮಾತ್ರ ಯಕಾರ, ವಕಾರಗಳು ಬೇಕು. ಆಡುಮಾತಿನಲ್ಲಿ, ಟೇಪು ಮತ್ತು ಪೇಸ್ಟು.

ಇಲ್ಲೊಂದು ಪಾಠಾಂತರದ ಸಮಸ್ಯೆ. 1841ರಲ್ಲಿ ಜೋಸೆಫ್ ವ್ಹಿಟ್‌ವರ್ತ್ ಎಂಬಾತ ನಿಗದಿಪಡಿಸಿದ ಬ್ರಿಟಿಷ್ ಪಾಠದಲ್ಲಿ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕನ್ ಪಾಠದಲ್ಲಿ 60. ಕಾಲಂಗುಲದ ಅರ್ಧದಷ್ಟು, ಅಂದರೆ 1/8ರ ಫಿಟಿಂಗಿನಲ್ಲಿ, ಒಂದಕ್ಕೆ ಅಂಗುಲಕ್ಕೆ 28 ಸುತ್ತು, ಇನ್ನೊಂದಕ್ಕೆ 27. ವ್ಯತ್ಯಾಸ ಒಂದೇ ಆದ್ದರಿಂದ ಎರಡೂ ಮೊದಮೊದಲು ಸುಖವಾಗಿ ಕೂಡುತ್ತವೆ, ಜಾತಕ ನೋಡದೆ ಮಾಡಿದ ಮದುವೆಯಂತೆ. ಆಮೇಲೆ ಬಿಗಿಯುತ್ತವೆ. ಬಿಗಿದದ್ದನ್ನು ಕೂಡಿತು ಎಂದು ಭಾವಿಸಿದವರ ಮನೆಯಲ್ಲಿ ಶಾಸನಗಳು ಹೇರಳ.

ಟೇಪಿನ ಚರಿತ್ರೆ ರೋಚಕ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಅನಿಲದ ಸಿಲಿಂಡರೊಂದರ ಕವಾಟ ತೆರೆದರೆ ಏನೂ ಹೊರಬರಲಿಲ್ಲ. ತೂಕ ಮಾತ್ರ ಹಾಗೇ ಇತ್ತು. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ, ಅದೇ ಟೆಫ್ಲಾನ್. ಸೋರಿಕೆ ತಡೆಯುವ ವಸ್ತು ತನ್ನ ಹುಟ್ಟಿನ ದಿನವೇ ಸೋರದೆ ಕೂತಿದ್ದನ್ನು ಗಮನಿಸಬೇಕು. ಇದಕ್ಕೆ ಪೂರ್ವಜನ್ಮ ಸಂಸ್ಕಾರವಲ್ಲದೆ ಬೇರೆ ವಿವರಣೆ ನನಗೆ ಹೊಳೆಯದು. ಸುತ್ತುವ ವಿಧಿ: ಹಳೆಯ ಅಂಟು, ಜಿಡ್ಡು ತೆಗೆದು ಮಡಿ ಮಾಡಬೇಕು. ಫಿಟಿಂಗಿನ ತುದಿಯನ್ನು ನಮ್ಮತ್ತ ಹಿಡಿದು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸುತ್ತಬೇಕು. ಅಪ್ರದಕ್ಷಿಣೆ ಹಾಕಿದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ತುದಿಯ ಒಂದೆರಡು ಥ್ರೆಡ್ಡು ಬರಿದಾಗಿರಲಿ, ಚೂರುಗಳು ಒಳಗೆ ಬೀಳಬಾರದು. ಎರಡು ಮೂರು ಪ್ರದಕ್ಷಿಣೆ ಸಾಕು. ಬಿಗಿದ ಮೇಲೆ ‘ಇನ್ನೊಂದು ಚೂರು ನೇರ ಬರಲಿ’ ಎಂದು ಹಿಂದಕ್ಕೆ ತಿರುಗಿಸಿದರೆ ವ್ರತಭಂಗ. ‘ಇನ್ನೊಂದು ಸುತ್ತು ಇರಲಿ’ ಎಂದು ಮುಂದಕ್ಕೆ ತಿರುಗಿಸಿದರೆ ಅಲ್ಯೂಮಿನಿಯಂ ಸೀಳಬಹುದು. ಬೆಣೆ ಎಂದ ಮೇಲೆ ಸೀಳುವುದು ಅದರ ಧರ್ಮ.

ಪೇಸ್ಟಿನ ಕಥೆ ಇನ್ನೂ ವಿಚಿತ್ರ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಗಾಳಿ ಇರುವವರೆಗೆ ಹರಿದಾಡುವ, ಗಾಳಿ ತಪ್ಪಿ ಲೋಹ ತಾಕಿದೊಡನೆ ಗಟ್ಟಿಯಾಗತೊಡಗುವ ಅಂಟನ್ನು ರೂಪಿಸಿದರು. ಲಾಕ್ಟೈಟ್ ಎಂದು ಅದು ಹೆಸರಾಯಿತು. ಸೀಸೆ ತುಂಬಿಸಿ ಕೊಟ್ಟರೆ ಅಲ್ಲೇ ಹೆಪ್ಪುಗಟ್ಟೀತೆಂದು ಒಳಗೆ ಗಾಳಿಗೆ ಜಾಗ ಬಿಟ್ಟಿರುತ್ತಾರೆ. ‘ಅರ್ಧ ಸೀಸೆಗೆ ಇಷ್ಟು ದುಡ್ಡೇ’ ಎಂದು ಅಂಗಡಿಯವನ ಜೊತೆ ಜಗಳವಾಡಿದವರಲ್ಲಿ ನಾನೂ ಒಬ್ಬ. ಈ ಮೂಲಕ ವಿಷಾದಿಸುತ್ತೇನೆ. ಸಂಧಿಗೆ ಕಾಲವಿಳಂಬ ಸಲ್ಲದೆಂದು ವೈಯಾಕರಣರು ಹೇಳಿದರೂ ಈ ಪೇಸ್ಟು ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಡುತ್ತದೆ.

ದೇಶೀ ಪರಂಪರೆಯನ್ನು ಮರೆತರೆ ಅಪಚಾರವಾದೀತು. ನಮ್ಮ ಗ್ಯಾರೇಜುಗಳ ಶೆಲಾಕ್ ಮೂಲತಃ ಅರಗು. ಈ ವಸ್ತುವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಲ ಮೇಸ್ತ್ರಿ ಪುರೋಚನ. ಅರಗಿನ ಮನೆ ಸೋರಿತೆಂಬ ದೂರು ಮಹಾಭಾರತದಲ್ಲಿ ಎಲ್ಲೂ ಇಲ್ಲ. ಉರಿಯಿತು ಎಂದಷ್ಟೇ ಇದೆ. ಅರಗು ಎಣ್ಣೆಗೆ ಬಗ್ಗದು, ಸ್ಪಿರಿಟ್ಟಿಗೆ ಕರಗುತ್ತದೆ. ಈಗಿನ ಬಂಕ್ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್, ಅಂದರೆ ಅದೇ ಸ್ಪಿರಿಟ್ಟು, ಇರುವುದರಿಂದ ಪೆಟ್ರೋಲ್ ಪೈಪಿಗೆ ಅರಗು ಹಚ್ಚುವವರು ವಿದುರನಂಥ ಒಬ್ಬರ ಸಲಹೆ ಪಡೆಯುವುದು ಒಳಿತು.

ಕೊನೆಗೆ ಲೇಖಕನ ಸ್ವಂತ ಪ್ರಯೋಗ. ನನ್ನ ಹಳೆಯ ಕಾರಿನ ಆಯಿಲ್ ಸ್ವಿಚ್ಚು ತೊಟ್ಟಿಕ್ಕುತ್ತಿತ್ತು. ಸಪ್ತಪದಿಯ ಲೆಕ್ಕದಲ್ಲಿ ಏಳು ಸುತ್ತು ಟೇಪ್ ಸುತ್ತಿ ಬಿಗಿದೆ. ಸೋರಿಕೆ ನಿಂತಿತು. ಅಷ್ಟೇ ಅಲ್ಲ, ಆಗಾಗ ಮಿಣುಕುತ್ತಿದ್ದ ಕೆಂಪು ಎಣ್ಣೆದೀಪವೂ ಶಾಶ್ವತವಾಗಿ ಆರಿತು. ಹದಿನೈದು ದಿನ ಬಂಧುಮಿತ್ರರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೇಲೆ ಹೇಳಿದ ಹಸ್ತಪ್ರತಿಯ ಕರ್ತೃವಾದ ಹುಡುಗ ಒಂದು ದಿನ ಒಳಗೆ ಇಣುಕಿ, “ಸಾರ್, ಕೀ ಆನ್ ಮಾಡಿ. ದೀಪ ಎಲ್ಲಿ?” ಎಂದ.

“ಆರಿದೆಯಲ್ಲಪ್ಪಾ!” ಎಂದೆ ಹೆಮ್ಮೆಯಿಂದ.

“ಆರಿಲ್ಲ ಸಾರ್, ಸತ್ತಿದೆ.”

ಆ ಸ್ವಿಚ್ಚಿಗೆ ಒಂದೇ ತಂತಿ. ಕರೆಂಟು ಮರಳುವ ದಾರಿ ಥ್ರೆಡ್ಡಿನ ಮೂಲಕ ಎಂಜಿನ್ನಿನ ಮೈಗೆ. ನನ್ನ ಏಳು ಸುತ್ತು ಎಣ್ಣೆಯ ಜೊತೆಗೆ ಆ ಅರ್ತನ್ನೂ ಕಟ್ಟಿಹಾಕಿತ್ತು. ಎಣ್ಣೆಯ ಒತ್ತಡ ಸೊನ್ನೆಗೆ ಇಳಿದಿದ್ದರೂ ದೀಪ ಹೇಳುತ್ತಿರಲಿಲ್ಲ. ಹುಡುಗ ಬಿಚ್ಚಿ, ಕೆರೆದು, ತುದಿ ಬಿಟ್ಟು ಎರಡೇ ಸುತ್ತು ಹಾಕಿದ. ದೀಪ ಹೊತ್ತಿತು.

ಓದುಗರಲ್ಲಿ ವಿನಂತಿ: ನಾಳೆ ಬೆಳಗ್ಗೆ ಕೀ ತಿರುಗಿಸಿ, ಎಂಜಿನ್ ಶುರು ಮಾಡುವ ಮುನ್ನ ಒಂದು ಗಳಿಗೆ ತಡೆಯಿರಿ. ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಳ್ಳಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ಯಾರಿಗೂ ಹೇಳಿಕೊಂಡು ತಿರುಗಬೇಡಿ, ಗ್ಯಾರೇಜಿಗೆ ಹೋಗಿ.