ಶೂನ್ಯಮೀಮಾಂಸೆ ಅಥವಾ ವಾಡಿಯ ಕೂಲರು

ನಿಸ್ತಂತು ವಿದ್ಯೆಯ ಅಂತಿಮ ಪರೀಕ್ಷೆಗೆ ಕುಳಿತುಕೊಳ್ಳಬಯಸುವ ವಟುವಿನ ಲಕ್ಷಣಗಳನ್ನು ನಿರೂಪಿಸಹೊರಟ ಈ ಗ್ರಂಥದಲ್ಲಿ ಕ್ಷೇತ್ರನಿರ್ಣಯವೇ ಮೊದಲಾಗತಕ್ಕದ್ದು. ವಾಡಿಯೆಂದೊಡನೆ ಕನ್ನಡಿಗರ ಮನಸ್ಸು ಓಡುವ ಕಲಬುರಗಿ ಸೀಮೆಯ ರೈಲ್ವೆ ಜಂಕ್ಷನ್ ಇದಲ್ಲ; ನಾಗಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯಲ್ಲಿ, ಲಾರಿಗಳೂ ಗೋದಾಮುಗಳೂ ಮೈಗೆ ಮೈ ತಾಗಿಸಿ ನಿಂತಿರುವ ವಾಡಿ. ಅಲ್ಲಿ ನನ್ನ ಅಕ್ಕನ ಮನೆ. ಅವಳ ಮಗನೇ ನಮ್ಮ ವಟು.

2009ರಲ್ಲಿ ಸಿಸಿಐಇ ವೈರ್‌ಲೆಸ್ ಎಂದು ಹುಟ್ಟಿ, 2020ರಲ್ಲಿ ಎಂಟರ್‌ಪ್ರೈಸ್ ವೈರ್‌ಲೆಸ್ ಎಂದು ಪುನರ್ನಾಮಕರಣಗೊಂಡ ಸಿಸ್ಕೊ ಕಂಪನಿಯ ಈ ಪರೀಕ್ಷೆಯ ಪ್ರಯೋಗಭಾಗವು ಎಂಟು ಗಂಟೆಗಳ ಕಾಲ ನಡೆಯುವುದು. ನಮ್ಮ ಹಿರಿಯರೂ ಅಷ್ಟು ಹೊತ್ತು ಬಯಲಾಟ ನೋಡುತ್ತಿದ್ದರು. ನಡುವೆ ತೂಕಡಿಸಿದವರನ್ನು ಯಾರೂ ನಪಾಸು ಮಾಡುತ್ತಿರಲಿಲ್ಲ.

ಈ ಶಾಸ್ತ್ರದ ಆದಿಸೂತ್ರವನ್ನು ನಾನೇ ರಚಿಸಿದ್ದೇನೆ: ಸೊನ್ನೆಯೆಂದರೆ ಇಲ್ಲವೆಂದಲ್ಲ. ಸೊನ್ನೆ ಡಿಬಿಎಂ ಎಂಬುದು ಪೂರ್ತಿ ಒಂದು ಮಿಲಿವ್ಯಾಟು. ಅದರಿಂದ ಮೂರು ಕಳೆದರೆ ಶಕ್ತಿ ಅರ್ಧ, ಹತ್ತು ಕಳೆದರೆ ಹತ್ತರಲ್ಲೊಂದು. ಹೀಗೆ ಇಳಿಯುತ್ತ ಮೈನಸ್ 67ನ್ನು ಮುಟ್ಟಿದಾಗ ಮಿಲಿವ್ಯಾಟಿನ ಸುಮಾರು 50 ಲಕ್ಷದಲ್ಲೊಂದು ಪಾಲು ಉಳಿಯುವುದೆಂದೂ, ವೈಫೈ ಮೇಲೆ ಫೋನಿನ ಮಾತು ತಡೆಯಿಲ್ಲದೆ ಸಾಗಲು ಅಷ್ಟೇ ಸಾಕೆಂದೂ ವಟುವಿನ ವಾದ. ಸೊನ್ನೆಗಿಂತ ಕೆಳಗೆ ಏನಿದ್ದೀತೆಂದು ಪೂರ್ವಪಕ್ಷ ಹೂಡುವವನನ್ನು ನಾಗಪುರದ ಝೀರೋ ಮೈಲ್ ಕಲ್ಲಿನ ಬಳಿ ಒಯ್ದು ನಿಲ್ಲಿಸತಕ್ಕದ್ದು. ಅಳೆಯಲು ಹೊರಡುವ ಜಾಗಕ್ಕೆ ಸೊನ್ನೆಯೆಂದು ಹೆಸರೇ ಹೊರತು, ಅಲ್ಲಿ ಊರಿಲ್ಲವೆಂದಲ್ಲ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದು, ಆರು, ಹನ್ನೊಂದು ಎಂಬ ಮೂರೇ ಚಾನೆಲ್ಲುಗಳು ಒಂದನ್ನೊಂದು ಮುಟ್ಟದೆ ಮಡಿಯಲ್ಲಿರುವುವು. ಈ ವಿಷಯ ಇಷ್ಟು ಸಾಕು. ಜಲಪ್ರಕರಣವೇ ಗಹನವಾದದ್ದು. ನೀರು ಈ ಅಲೆಗಳನ್ನು ಕುಡಿಯುತ್ತದೆ, ತಗಡು ಹಿಂದಕ್ಕಟ್ಟುತ್ತದೆ. ಆದುದರಿಂದ ಖಾಲಿ ಗೋದಾಮಿನಲ್ಲಿ ಸರ್ವೆ ಮಾಡಿ ಹಿಗ್ಗಿದವನು, ಅದೇ ಗೋದಾಮಿನಲ್ಲಿ ಕಿತ್ತಳೆಯ ಪೆಟ್ಟಿಗೆಗಳು ಸೂರು ಮುಟ್ಟಿದ ದಿನ ತಲೆಯ ಮೇಲೆ ಕೈಹೊತ್ತು ಕೂರುವನು. ನಾಗಪುರದ ಮೇ ತಿಂಗಳಲ್ಲಿ ಕಿಟಕಿಕಿಟಕಿಗೂ ಕೂರುವ ಕೂಲರೋ, ತಗಡಿನ ಮೈ, ಹೊಟ್ಟೆತುಂಬ ನೀರು, ಮೂರು ಬದಿಗೂ ತೊಯ್ದ ಹುಲ್ಲು, ಹೀಗೆ ಎರಡು ವಿಘ್ನಗಳನ್ನೂ ಒಂದೇ ದೇಹದಲ್ಲಿ ಧರಿಸಿದ ಮೂರ್ತಿ. ಅದರ ಆಚೆ, ವರಾಂಡದಲ್ಲಿ, ವಟುವಿನ ಮೇಜು. ರೀಡಿಂಗು ಮೈನಸ್ 78.

"ಅವ್ವಾ, ಕೂಲರ್ ಒಂಚೂರು ಸರಸೋಣೇನು?"

"ನಿನ್ನ ಅಲಿ ಬೇಕಾದ್ರ ಸರೀಲಿ. ಈ ಬಿಸಲಾಗ ಕೂಲರ್ ಸರಿಯೂದಿಲ್ಲ."

ಶ್ರುತಿವಾಕ್ಯಕ್ಕೆ ಎದುರಿಲ್ಲ. ಮಧ್ಯಸ್ಥನಾದ ನಾನು ಸ್ಟೂಲು ಹಿಡಿದೆ; ವಟು ಏರಿ ವೈಫೈ ಪೆಟ್ಟಿಗೆಯನ್ನು ಬಾಗಿಲಿನ ಮೇಲೆ, ಮಾವಿನ ತೋರಣದ ಮಗ್ಗುಲಿಗೆ ಬಿಗಿದು, ಇಳಿದು ಬಂದು ಅಳೆದ.

"ಎಷ್ಟಾತೋ?" ಎಂದಳು ಅಕ್ಕ ಒಳಗಿನಿಂದ.

"ಮೈನಸ್ ಅರವತ್ತೊಂದು!"

"ಇನ್ನೂ ಮೈನಸ್ ಏನೋ? ಹಂಗಾದ್ರ ಪರೀಕ್ಷಾಕ್ಕ ಹೋಗೂ ಬೆಂಗಳೂರ ಟಿಕೀಟ ಈಗ ತಗೀಬ್ಯಾಡ," ಎನ್ನುತ್ತ ಹೊರಗೆ ಬಂದು, ಕೂಲರಿಗೆ ನೀರು ಹಾಕುವ ಬಕೆಟ್ಟನ್ನು ಅವನ ಕೈಗಿತ್ತಳು.